ಎರಡನೆಯ ದಾರಿ



ಒಂದೇ ದಾರಿಯನ್ನು ನಂಬಿದ ಸೀಮೆಗೆ ಎಂಥ ದುರವಸ್ಥೆ ಒದಗುವುದೆಂಬುದನ್ನು ಇಂಗ್ಲಂಡದ ನೈಋತ್ಯ ಮೂಲೆಯ ಒಂದು ನಿದರ್ಶನದಿಂದ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುವೆನು.

ಡೆವನ್ ಸೀಮೆಯ ಎಕ್ಸೆಟರ್ ಪಟ್ಟಣದಿಂದ ಪ್ಲಿಮತ್ ಬಂದರಕ್ಕೂ, ಅಲ್ಲಿಂದ ಕಾರ್ನ್‌ವಾಲಿಗೂ ಹೋಗುವ ರೇಲ್ವೆಯು ಡಾಲಿಶ್ ಎಂಬ ಊರಿನಲ್ಲಿ ಕಡಲ ಅಂಚನ್ನೇ ಹಿಡಿದು ಸಾಗುತ್ತದೆ. ಪ್ರಸಿದ್ಧ ಇಂಜಿನಿಯರನಾದ ಬ್ರುನೆಲನು ಹಾಕಿಸಿದ ಈ ತೀರಭಾಗದಲ್ಲಿ 1846ರಲ್ಲಿ ಸಂಚಾರವು ಆರಂಭವಾಯಿತು. ಇದಲ್ಲದೆ, ಡಾರ್ಟ್‌ಮೂರ್ ಬೆಟ್ಟಸೀಮೆಯ ಉತ್ತರದ ಮಗ್ಗುಲಲ್ಲಿ ಓಕ್‌ಹ್ಯಾಂಪ್ಟನ್, ಟಾವಿಸ್ಟಾಕ್ ಊರುಗಳ ಮೇಲೆ ಹಾಯ್ದು ಪ್ಲಿಮತ್ತನ್ನು ಸೇರುವ ಇನ್ನೊಂದು ದಾರಿಯೂ ಇದ್ದಿತು. 1968ರಲ್ಲಿ ಅದರ ನಡುಭಾಗವನ್ನು ಮುಚ್ಚಿದರು. 1972ರಲ್ಲಿ ಓಕ್‌ಹ್ಯಾಂಪ್ಟನ್ನಿನ ನಿತ್ಯದ ಗಾಡಿಯೂ ನಿಂತಿತು. ಉತ್ಪನ್ನವು ಸಾಲದೆಂಬುದೇ ಕಾರಣ. ಆದರೆ ಆ ಲೆಕ್ಕದಲ್ಲಿ ಒಂದು ಕಲಮು ಬಿಟ್ಟುಹೋಗಿತ್ತು: ಕಡಲ ದಾರಿ ಕೆಟ್ಟ ದಿನ ಈ ಬೆಟ್ಟದ ದಾರಿಯ ಬೆಲೆ ಎಷ್ಟು?

ಉತ್ತರವು 2014ರ ಫೆಬ್ರುವರಿಯಲ್ಲಿ ದೊರೆಯಿತು. ಬಿರುಗಾಳಿಯ ಅಲೆಗಳು ಡಾಲಿಶಿನ ಕಡಲಗೋಡೆಯನ್ನು ಒಡೆದವು. ಕೆಳಗಿನ ನೆಲವೇ ಕೊಚ್ಚಿಹೋಗಿ ಹಳಿಗಳು ಗಾಳಿಯಲ್ಲಿ ಜೋತುಬಿದ್ದವು. ಏಪ್ರಿಲ್ 4ರವರೆಗೆ, ಎರಡು ತಿಂಗಳ ಕಾಲ, ಪ್ಲಿಮತ್ತೂ ಕಾರ್ನ್‌ವಾಲೂ ದೇಶದ ಉಳಿದ ರೇಲ್ವೆಯಿಂದ ಕಡಿದುಹೋದವು.

ಹಳೆಯ ದಾರಿಯನ್ನು ಮರಳಿ ತೆರೆಯಬೇಕೆಂಬ ಕೂಗು ಆಗ ಬಲವಾಯಿತು. ನಾವು ಕಲಿಯತಕ್ಕ ಪಾಠವು ಇಲ್ಲಿಯೇ ಇದೆ. ಓಕ್‌ಹ್ಯಾಂಪ್ಟನ್ನಿನ ಹತ್ತಿರದ ಮೆಲ್ಡನ್ ಕಲ್ಲುಗಣಿಯ ಸಲುವಾಗಿ ಅಲ್ಲಿಯವರೆಗೆ ಹಳಿಗಳು ಉಳಿದಿದ್ದವು. ಆದುದರಿಂದ ಸುಮಾರು 4 ಕೋಟಿ ಪೌಂಡುಗಳ ಯೋಜನೆಯಿಂದ 2021ರ ನವೆಂಬರ್ 20ರಂದು ಎಕ್ಸೆಟರ್-ಓಕ್‌ಹ್ಯಾಂಪ್ಟನ್‌ಗಳ ನಡುವೆ ನಿತ್ಯದ ಗಾಡಿಗಳು ಮತ್ತೆ ಓಡತೊಡಗಿದವು. ಗಣಿಯ ಆಚೆಗೆ ಹಳಿಗಳನ್ನು ಕಿತ್ತಿದ್ದರು; 1874ರ ಮೆಲ್ಡನ್ ಸೇತುವೆಯ ಮೇಲೆ ಇಂದು ಪಾದಚಾರಿಗಳೂ ಸೈಕಲ್ ಸವಾರರೂ ಹೋಗುತ್ತಾರೆ. ಪ್ಲಿಮತ್ತಿನವರೆಗೆ ಈ ದಾರಿಯನ್ನು ಪೂರ್ತಿಗೊಳಿಸಲು 2014ರಲ್ಲಿ ಹಾಕಿದ ಅಂದಾಜು 87 ಕೋಟಿ 50 ಲಕ್ಷ ಪೌಂಡು. ಕಾಯ್ದಿಟ್ಟದ್ದು ಅಲ್ಪ ವೆಚ್ಚದಲ್ಲಿ ಮರಳಿ ದೊರೆಯಿತು. ಕಿತ್ತೊಗೆದದ್ದು ಇನ್ನೂ ದೊರೆತಿಲ್ಲ.

ವಿರೋಧಿಸುವವರ ಮಾತಿನಲ್ಲಿಯೂ ಹುರುಳಿಲ್ಲದೆ ಇಲ್ಲ. ಬೆಟ್ಟದ ದಾರಿಯು ನ್ಯೂಟನ್ ಅಬಟ್, ಟಾರ್ಕಿ ಮೊದಲಾದ ಊರುಗಳನ್ನು ಮುಟ್ಟದು. ಡಾಲಿಶಿನ ಗೋಡೆಯನ್ನೂ 2023ರ ಹೊತ್ತಿಗೆ ಎತ್ತರಿಸಿ ಭದ್ರವಾಗಿ ಕಟ್ಟಿದ್ದಾರೆ. ಆದರೆ ಗೋಡೆಯು ಎಷ್ಟೇ ಎತ್ತರವಾಗಲಿ, ಅದರ ಹಿಂದಿರುವ ದಾರಿ ಒಂದೇ ಅಲ್ಲವೇ?

ಮಹನೀಯರೇ, ಇದು ಪರದೇಶದ ಕಥೆಯೆಂದು ಕಡೆಗಣಿಸಬಾರದು. 2018ರ ಆಗಸ್ಟಿನಲ್ಲಿ ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟದಲ್ಲಿ ಗುಡ್ಡ ಕುಸಿದು ಬೆಂಗಳೂರು-ಮಂಗಳೂರುಗಳ ನೇರ ಗಾಡಿಗಳು ನಿಂತುದನ್ನು ತಾವೆಲ್ಲರೂ ಬಲ್ಲಿರಿ. ಕರಾವಳಿಯೂ ಒಳನಾಡೂ ಒಂದೆಂಬ ಭಾವನೆಯು ಜನರು ಹೋಗಿಬರುವ ದಾರಿಗಳಿಂದಲೇ ಬೆಳೆಯತಕ್ಕದ್ದು. ಆದುದರಿಂದ ನನ್ನ ಬಿನ್ನಹವಿಷ್ಟೆ: ತಮ್ಮ ಊರಿನ ಯಾವುದೇ ಹಳೆಯ ಹಳಿಯನ್ನು ಕೀಳುವ ಮಾತು ಬಂದಾಗ, ಅದರ ಇಂದಿನ ಉತ್ಪನ್ನವನ್ನಷ್ಟೇ ನೋಡಿ ಒಪ್ಪಿಗೆ ಕೊಡಬೇಡಿರಿ. ಹಳಿ ಹೋದರೂ ಹೋಗಲಿ, ಅದು ಮಲಗಿದ್ದ ನೆಲವನ್ನು ಮಾರಗೊಡಬೇಡಿರಿ.