ನೀರು ಹುಟ್ಟುವ ಕಾಡಿನ ಗಿಡುಗ

(ಬಾನುಲಿ ಭಾಷಣ)

ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿ ಮಲಪನಗುಡಿ ಸಿಗುತ್ತದೆ. ಹಂಪೆಯನ್ನು ಕಾಣುವ ಅವಸರದಲ್ಲಿರುವ ಯಾತ್ರಿಕರಿಗೆ ಅದು ಬಸ್ಸು ನಿಂತು ಹೊರಡುವ ಒಂದು ಊರು. ನನಗೆ ಹುಟ್ಟಿದೂರು, ಬೇರೆ ಬೇರೆ ಕಡೆ ಮಕ್ಕಳಿಗೆ ಪಾಠ ಹೇಳಿ, ನಿವೃತ್ತನಾಗಿ ಮರಳಿ ಬಂದು ಸೇರಿಕೊಂಡ ಊರು. ಇಲ್ಲಿ ತಲೆಯೆತ್ತಿದರೆ ಮೊದಲು ಕಾಣುವುದು ಬಂಡೆ, ಆಮೇಲೆ ಆಕಾಶ. ಬಿಸಿಲೇರಿದ ಹೊತ್ತಿನಲ್ಲಿ ಕಾದ ಬಂಡೆಗಳಿಂದ ಮೇಲೇಳುವ ಗಾಳಿಯನ್ನು ಹಿಡಿದು ಹಾವು ತಿನ್ನುವ ಗಿಡುಗಗಳು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಿರುತ್ತವೆ. ಅವುಗಳನ್ನು ನೋಡುತ್ತ ಬೆಳೆದವನು ನಾನು.

ಈ ಸೀಮೆಯನ್ನು ಕಿಷ್ಕಿಂಧೆಯೆಂದು ಜನ ನಂಬುತ್ತಾರೆ. ರಾಮ ಮಳೆಗಾಲವನ್ನು ಕಳೆದನೆಂದು ಹೇಳುವ ಮಾಲ್ಯವಂತ ಬೆಟ್ಟ ನಮ್ಮೂರಿಗೆ ದೂರವಲ್ಲ. ಮಳೆ ನಿಂತ ಮೇಲೆ ಇಲ್ಲಿಂದ ಸೀತೆಯನ್ನರಸಿ ಹೊರಟ ಕಪಿಗಳಿಗೆ, ದಿಕ್ಕುಗೆಟ್ಟು ಕಡಲ ದಂಡೆಯಲ್ಲಿ ಕುಳಿತಾಗ, ದಾರಿ ತೋರಿದ್ದು ಒಂದು ಮುದಿ ಹಕ್ಕಿ. ರೆಕ್ಕೆ ಸುಟ್ಟುಕೊಂಡ ಸಂಪಾತಿ. ಅಂದು ಹಕ್ಕಿ ದಾರಿ ತೋರಿಸಿತು. ಇಂದು ಅಂಥ ಹಕ್ಕಿಯನ್ನು ನೋಡಬೇಕಾದರೆ ನಮಗೆ ದಾರಿ ತೋರುವವನೊಬ್ಬ ಬೇಕು. ಹಾಗೆ ಒಬ್ಬನ ಹಿಂದೆ ನಾಲ್ಕು ದಿನ ಮಲೆನಾಡಿನ ಕಾಡು ಸುತ್ತಿ ಬಂದ ಕಥೆಯನ್ನು ಈ ಹೊತ್ತು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಅದಕ್ಕೊಂದು ಹಿನ್ನೆಲೆಯುಂಟು. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಜಲಾಶಯದ ೧೯ನೆಯ ಗೇಟು ಸರಪಣಿ ಕಡಿದು ಕೊಚ್ಚಿಹೋಯಿತು. ಮರುದಿನ ಬೆಳಗ್ಗೆ ನಮ್ಮೂರ ಚಹದ ಅಂಗಡಿಯಲ್ಲಿ ಬೇರೆ ಮಾತಿರಲಿಲ್ಲ. ಹರಿದುಹೋಗುವ ನೀರನ್ನು ಕುರಿತು ರೈತರು ಸತ್ತವರನ್ನು ಕುರಿತು ಮಾತಾಡುವಂತೆ ಮಾತಾಡಿದರು. ವಾರದೊಳಗೆ ತಜ್ಞರು ತಾತ್ಕಾಲಿಕ ಗೇಟನ್ನು ಇಳಿಸಿ ನೀರು ನಿಲ್ಲಿಸಿದರು. ಆದರೆ ನನ್ನ ತಲೆಯಲ್ಲಿ ಒಂದು ಯೋಚನೆ ಉಳಿದುಬಿಟ್ಟಿತು. ಈ ನೀರು ಎಲ್ಲಿಗೆ ಹೋಗುತ್ತದೆಂಬುದನ್ನು ನಾವು ಅಳೆದು ಬಲ್ಲೆವು. ಯಾವ ಕಾಲುವೆಗೆ ಎಷ್ಟು, ಯಾವ ರಾಜ್ಯಕ್ಕೆ ಎಷ್ಟು ಎಂದು ಜಗಳವಾಡಬಲ್ಲೆವು. ಅದು ಎಲ್ಲಿಂದ ಬರುತ್ತದೆಂಬುದನ್ನು ನಾನು ಪಾಠಪುಸ್ತಕದಲ್ಲಿ ಓದಿ ಮಕ್ಕಳಿಗೆ ಹೇಳಿದ್ದೆನೇ ಹೊರತು ಕಣ್ಣಾರೆ ಕಂಡವನಲ್ಲ.

ಮಳೆಕಾಡಿನ ಗಿಡುಗಗಳನ್ನು ತೋರಿಸುವ ಒಂದು ಪ್ರವಾಸ ಫೆಬ್ರವರಿಯಲ್ಲಿ ತುಂಗೆಯ ಮೇಲ್ದಂಡೆಯ ಕಾಡುಗಳಿಗೆ ಹೊರಡುತ್ತದೆಂದು ತಿಳಿದಾಗ, ಹಕ್ಕಿಯ ಆಸೆಯೂ ಹೊಳೆಯ ಆಸೆಯೂ ಒಟ್ಟುಗೂಡಿ ನಾನು ಹೆಸರು ಕೊಟ್ಟುಬಿಟ್ಟೆ. ಶಿವಮೊಗ್ಗೆಗೆ ಹೋಗುವ ದಾರಿಯಲ್ಲಿ ಕೂಡಲಿಯಲ್ಲಿ ಇಳಿದು ತುಂಗೆ ಭದ್ರೆಯರು ಕೂಡುವುದನ್ನು ನೋಡಿದೆ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಅಲ್ಲಿಗೆ ಬರಲು ೧೪೭ ಕಿಲೋಮೀಟರು ನಡೆಯುತ್ತಾಳೆ. ಮುಂದೆ ತೀರ್ಥಹಳ್ಳಿ, ಅಲ್ಲಿಂದ ಆಗುಂಬೆ. ಅಲ್ಲಿ ನಮ್ಮ ತಂಡದ ಆರು ಜನರನ್ನು ಎದುರುಗೊಂಡವನು ಅದೇ ಸೀಮೆಯ ಒಬ್ಬ ತರುಣ. ನನ್ನ ವೃತ್ತಿ ತಿಳಿದ ಗಳಿಗೆಯಿಂದ ಅವನು ನನ್ನನ್ನು ಮೇಷ್ಟ್ರೇ ಎಂದು ಕರೆದ. ನಾನು ಅವನನ್ನು ತಮ್ಮಾ ಎಂದೆ.

ಮೊದಲು ಹೆಸರಿನ ತೊಡಕನ್ನು ಬಿಡಿಸಿಕೊಳ್ಳಬೇಕು. ನಮ್ಮ ಆಡುಮಾತಿನಲ್ಲಿ ಊರ ಮೇಲೆ ಹಾರುವುದೂ ಹದ್ದೇ, ಬೆಟ್ಟದ ಮೇಲೆ ಹಾರುವುದೂ ಹದ್ದೇ. ಕೆರೆಯ ಮೇಲೆ ತೇಲುವ ಬಿಳಿ ಎದೆಯ ಕೆಂಗಂದು ಹಕ್ಕಿಯನ್ನು ಗರುಡನೆಂದು ಕೈಮುಗಿಯುತ್ತೇವೆ. ಇಂಗ್ಲಿಷಿನವರು ಈಗಲ್ ಎನ್ನುವ ದೊಡ್ಡ ಬೇಟೆಹಕ್ಕಿಗಳನ್ನು ನಾನಿಲ್ಲಿ ಗಿಡುಗವೆಂದೇ ಕರೆಯುತ್ತೇನೆ. ಪಶ್ಚಿಮ ಘಟ್ಟದ ದಟ್ಟ ಕಾಡಿನಲ್ಲಿ ಇಂಥವು ಕೆಲವಿವೆ. ಹಾವುಗಳನ್ನು ಹಿಡಿಯುವ, ಕೂಗುತ್ತಲೇ ಇರುವ ಪನ್ನಗಾರಿ ಒಂದು. ಎತ್ತರದಿಂದ ಕಲ್ಲು ಬಿದ್ದಂತೆ ಎರಗುವ ಕೆಂಪು ಹೊಟ್ಟೆಯ ಗಿಡುಗ ಇನ್ನೊಂದು. ಅದು ಇಡುವುದು ಒಂದೇ ಮೊಟ್ಟೆ. ಮತ್ತೊಂದು, ನಾವು ಮುಖ್ಯವಾಗಿ ಅರಸಿ ಹೋದ ಕಪ್ಪು ಗಿಡುಗ. ಮೈಯೆಲ್ಲ ಕಪ್ಪು, ಕಾಲು ಮಾತ್ರ ಹಳದಿ. ರೆಕ್ಕೆ ಬಿಚ್ಚಿದರೆ ಸುಮಾರು ಐದೂವರೆ ಅಡಿ.

ಮೊದಲ ದಿನ ನಸುಕಿನಲ್ಲೇ ಎದ್ದು ಸಿದ್ಧನಾದ ನನ್ನನ್ನು ನೋಡಿ ತರುಣ ನಕ್ಕ. "ಇಷ್ಟು ಬೇಗ ಯಾಕೆ ಮೇಷ್ಟ್ರೇ? ಗಿಡುಗ ದೊಡ್ಡ ಸಾಹುಕಾರ. ಬಿಸಿಲು ಬಂದು ಗಾಳಿ ಕಾದ ಮೇಲೇ ಏಳೋದು." ಹಾಗೆಂದು ಬೆಳಗನ್ನು ಅವನು ವ್ಯರ್ಥ ಮಾಡಲಿಲ್ಲ. ಸಿಳ್ಳಾರದ ಹಾಡು, ಕುಟ್ರಹಕ್ಕಿಯ ಎಡೆಬಿಡದ ಕುಟುರು, ಭೀಮರಾಜನ ನೂರು ಅನುಕರಣೆ, ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿಸಿದ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುವ ನೆಲ ಅದು. ಅದರ ಹತ್ತರಲ್ಲೊಂದು ಪಾಲು ಬಿದ್ದರೆ ನಮ್ಮಲ್ಲಿ ಸುಭಿಕ್ಷ. ಬಂಡೆಯ ನಾಡಿನವನಾದ ನನಗೆ ಆಕಾಶವೇ ಕಾಣದ ಆ ಕಾಡಿನಲ್ಲಿ ಉಸಿರು ಕಟ್ಟಿದಂತಾಯಿತು. ಇಲ್ಲಿ ಹಕ್ಕಿಯನ್ನು ಹುಡುಕುವುದಾದರೂ ಹೇಗೆ ಎಂದೆ.

"ಹಕ್ಕಿ ಹುಡುಕಬೇಡಿ. ಕಾಡು ಎಲ್ಲಿ ಒಮ್ಮೆಲೇ ಸುಮ್ಮನಾಗ್ತದೆ ಅನ್ನೋದನ್ನ ಗಮನಿಸಿ."

ಅವನ ವಿದ್ಯೆಯ ಸಾರವೆಲ್ಲ ಆ ಒಂದು ಮಾತಿನಲ್ಲಿತ್ತು. ಕಪ್ಪು ಗಿಡುಗ ಮರಗಳ ನೆತ್ತಿಯನ್ನು ಸವರುವಂತೆ ಅತಿ ನಿಧಾನವಾಗಿ ಹಾರುತ್ತ, ಎಲೆಗಳ ನಡುವೆ ಸಣ್ಣ ಹಕ್ಕಿಗಳ ಗೂಡುಗಳನ್ನು ಹುಡುಕುತ್ತದೆ. ಮೊಟ್ಟೆ, ಮರಿ, ಕೆಲವೊಮ್ಮೆ ಇಡಿಯ ಗೂಡನ್ನೇ ಕಿತ್ತು ಒಯ್ಯುವುದೂ ಉಂಟು. ಇತರ ಗಿಡುಗಗಳ ಉಗುರಿನಷ್ಟು ಬಾಗದ ನೀಳ ಉಗುರುಗಳು ಆ ಕೆಲಸಕ್ಕೆಂದೇ ಮಾಡಿದಂತಿವೆ. ಅದು ಬರುವಾಗ ಕಾಡಿನ ಒಂದು ಪಾಲು ಉಸಿರು ಬಿಗಿಹಿಡಿಯುತ್ತದೆ, ಇಲ್ಲವೆ ಗಾಬರಿಯಿಂದ ಕೂಗುತ್ತದೆ.

ಎರಡು ದಿನ ಕಾದೆವು. ಕಣಿವೆಗಳ ಅಂಚಿನಲ್ಲಿ, ರಸ್ತೆಯ ತಿರುವುಗಳಲ್ಲಿ ದುರ್ಬೀನು ಹಿಡಿದು ನಿಂತೆವು. ಪನ್ನಗಾರಿ ಕಂಡಿತು, ಮಂಗಟ್ಟೆ ಕಂಡಿತು, ಕೆಂದಳಿಲು ಕಂಡಿತು. ಕಪ್ಪು ಗಿಡುಗ ಕಾಣಲಿಲ್ಲ. ಎರಡನೆಯ ರಾತ್ರಿ ಊಟಕ್ಕೆ ಕುಳಿತಾಗ ಮಾತು ಹೇಗೋ ಹೊರಬಿತ್ತು: ತರುಣನಿಗೆ ಒಂದು ಗೂಡು ಗೊತ್ತಿದೆ. ಕಣಿವೆಯೊಂದರ ನೆತ್ತಿಯ ಹೆಮ್ಮರದಲ್ಲಿ ಜೋಡಿಯೊಂದು ಆಗಷ್ಟೇ ಕಾವಿಗೆ ಕುಳಿತಿದೆ.

ತಂಡದಲ್ಲಿ ದೊಡ್ಡ ಕ್ಯಾಮೆರಾ ಹೊತ್ತು ಬಂದಿದ್ದ ಮಿತ್ರರೊಬ್ಬರು ಕೂಡಲೇ ಕೇಳಿದರು: "ಹಾಗಾದರೆ ನಾಳೆ ಅಲ್ಲಿಗೇ ಹೋಗೋಣ."

"ಇಲ್ಲ ಸಾರ್. ಗೂಡಿನ ಹತ್ರ ಕರ್ಕೊಂಡು ಹೋಗಲ್ಲ."

"ಗಿಡುಗ ತೋರಿಸುತ್ತೇನೆ ಎಂದು ಹಣ ಪಡೆದವರು ನೀವೇ ಅಲ್ಲವೇ?"

ತರುಣ ತಟ್ಟೆಯಿಂದ ತಲೆಯೆತ್ತಲಿಲ್ಲ. "ದುಡ್ಡು ವಾಪಸ್ ಕೊಡ್ತೇನೆ ಸಾರ್. ಮೊಟ್ಟೆ ತಣ್ಣಗಾದ್ರೆ ಅದನ್ನ ವಾಪಸ್ ಕೊಡೋಕೆ ನನ್ನ ಹತ್ರ ಏನೂ ಇಲ್ಲ."

ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ನಾನು ಮಿತ್ರರ ಪಕ್ಷದಲ್ಲಿದ್ದೆ. ಪಿಂಚಣಿಯ ಹಣದಲ್ಲಿ ಬಂದವನು. ಎಪ್ಪತ್ತರ ಹತ್ತಿರ ಬಂದವನು. ಮತ್ತೊಮ್ಮೆ ಬರುವ ಭರವಸೆಯಿಲ್ಲದವನು. ದೂರದಿಂದ ಒಂದು ಸಲ ನೋಡಿದರೆ ಏನು ಹೋದೀತು ಎಂದು ನನ್ನ ಬಾಯಿಯೂ ಆಡಿತು. ಅವನು ನನ್ನ ಕಡೆ ತಿರುಗಿ, ಗೌರವಕ್ಕೆ ಕುಂದಿಲ್ಲದಂತೆ, "ನೀವೂ ಹೀಗಂತೀರಾ ಮೇಷ್ಟ್ರೇ?" ಎಂದಷ್ಟೇ ಕೇಳಿ ಎದ್ದುಹೋದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಗಿಡುಗವಲ್ಲ, ಗೂಬೆ.

ನಮ್ಮೂರ ಕಡೆಯ ಬಂಡೆಗುಡ್ಡದ ಒಂದು ಸಂದಿನಲ್ಲಿ ಕೊಂಬಿನ ಗೂಬೆಯ ಜೋಡಿಯೊಂದು ನೆಲೆಸಿತ್ತು. ಆ ಜಾತಿಯ ಗೂಬೆ ಗೂಡು ಕಟ್ಟುವುದಿಲ್ಲ. ಬಂಡೆಯ ಚಾಚಿನ ಮೇಲೆ ಬರಿಯ ನೆಲದಲ್ಲಿಯೇ ಮೊಟ್ಟೆಯಿಡುತ್ತದೆ. ನಿವೃತ್ತನಾದ ಹೊಸತರಲ್ಲಿ ನಾನದನ್ನು ಪತ್ತೆಮಾಡಿದೆ. ಪತ್ತೆಮಾಡಿದವನ ಹೆಮ್ಮೆ ತಮಗೆಲ್ಲ ಗೊತ್ತೇ ಇದೆ. ಹಂಪೆಗೆ ಬಂದ ಹಕ್ಕಿಪ್ರಿಯರಿಗೆ ತೋರಿಸಿದೆ. ಅವರು ಇನ್ನಿಬ್ಬರಿಗೆ ಹೇಳಿದರು. ವಾರಕ್ಕೊಬ್ಬರು, ಆಮೇಲೆ ದಿನಕ್ಕೊಬ್ಬರು ಬಂದರು. ನಾನು ಕಾಸು ಮುಟ್ಟಲಿಲ್ಲ. ಆದರೆ "ಮೇಷ್ಟ್ರಿಗೆ ಎಲ್ಲ ಗೊತ್ತು" ಎಂಬ ಮಾತನ್ನು ಸಂಬಳದಂತೆ ಎಣಿಸಿಕೊಂಡೆ. ಒಂದು ಸಂಜೆ ಹೋದಾಗ ಹಕ್ಕಿ ಇರಲಿಲ್ಲ. ಮರುದಿನವೂ ಇರಲಿಲ್ಲ. ಚಾಚಿನ ಮೇಲೆ ಎರಡು ಮೊಟ್ಟೆಗಳು ಉಳಿದಿದ್ದವು. ಒಂದನ್ನು ಕೈಯಲ್ಲಿ ಹಿಡಿದೆ. ಬಿಸಿಲಿಳಿದ ಮೇಲಿನ ಬಂಡೆಗಿಂತ ಅದು ತಣ್ಣಗಿತ್ತು. ಈ ಸಂಗತಿಯನ್ನು ನಾನು ಮನೆಯಲ್ಲಿಯೂ ಹೇಳಿರಲಿಲ್ಲ. ಆ ಹುಡುಗನ ಮಾತಿನಲ್ಲಿ ಅದೇ ಶಬ್ದ ಬಂದು ನನ್ನ ಅಂಗೈಗೆ ತಾಗಿತು.

ಬೆಳಗಾದೊಡನೆ ಅವನನ್ನು ಹುಡುಕಿಕೊಂಡು ಹೋಗಿ, "ನಿನ್ನೆ ನಾನು ಆಡಿದ್ದು ತಪ್ಪು ತಮ್ಮಾ" ಎಂದೆ. ಅವನು ಏನೂ ಕೇಳಲಿಲ್ಲ. ಜೀಪಿನ ಮುಂದಿನ ಸೀಟಿನಲ್ಲಿ ನನಗೆ ಜಾಗ ಮಾಡಿಕೊಟ್ಟ.

ಅಂದು ಶೃಂಗೇರಿಯನ್ನು ದಾಟಿ ಕೆರೆಕಟ್ಟೆಯ ಮೇಲೆ ಕುದುರೆಮುಖದ ದಿಕ್ಕಿಗೆ ಹೋದೆವು. ಬೆಟ್ಟಗಳ ಮೈಮೇಲೆ ಹುಲ್ಲು, ಬೆಟ್ಟಗಳ ಮಡಿಲಲ್ಲಿ ಕಪ್ಪುಹಸುರಿನ ಕಾಡು. ಸಿಂಗಳೀಕಗಳು ವಾಸಿಸುವ ಕಾಡು ಅದು. ತುಂಗೆ, ಭದ್ರೆ, ನೇತ್ರಾವತಿ ಮೂವರಿಗೂ ಅದೇ ತವರು. ನೇತ್ರಾವತಿ ಪಡುವಣ ಕಡಲಿಗೆ ಇಳಿದರೆ ಉಳಿದಿಬ್ಬರು ನಮ್ಮ ಕಡೆಗೆ ಬರುತ್ತಾರೆ. ರಸ್ತೆಯ ಬದಿಯಲ್ಲಿ ನಿಂತು ಕಾದೆವು. ಹತ್ತು ಗಂಟೆ ದಾಟಿತ್ತು. ಕೆಳಗಿನ ಕಾಡಿನಲ್ಲಿ ಪಿಕಳಾರಗಳ ಗದ್ದಲ ಫಕ್ಕನೆ ನಿಂತಿತು. ತರುಣ ನನ್ನ ಭುಜ ಮುಟ್ಟಿದ.

ಕಣಿವೆಯ ಆಚೆಯ ಮಗ್ಗುಲಿನಿಂದ ಅದು ಬಂತು. ನಾವು ಎತ್ತರದಲ್ಲಿದ್ದುದರಿಂದ ಅದರ ಬೆನ್ನು ನಮಗೆ ಕಾಣುತ್ತಿತ್ತು. ಇಷ್ಟು ಮೆಲ್ಲಗೆ ಹಾರಿದರೆ ಬಿದ್ದೇಹೋದೀತು ಎನಿಸುವಷ್ಟು ಮೆಲ್ಲಗೆ, ರೆಕ್ಕೆಯ ತುದಿಯ ಗರಿಗಳನ್ನು ಬೆರಳುಗಳಂತೆ ಅಗಲಿಸಿಕೊಂಡು, ಒಂದೊಂದು ಮರವನ್ನೂ ಹಾಜರಿ ಕರೆಯುವಂತೆ ನೋಡುತ್ತ ಸಾಗಿತು. ಒಮ್ಮೆ ಎಲೆಗಳ ನಡುವೆ ಕಾಲಿಳಿಸಿ ಏನನ್ನೋ ಎತ್ತಿಕೊಂಡಿತು. ಪಿಕಳಾರದ ಜೋಡಿಯೊಂದು ಕೂಗುತ್ತ ಸ್ವಲ್ಪ ದೂರ ಹಿಂಬಾಲಿಸಿ ಮರಳಿತು. ಒಂದೆರಡು ನಿಮಿಷ, ಅಷ್ಟೇ. ಗಿಡುಗ ಬೆಟ್ಟದ ತಿರುವಿನಲ್ಲಿ ಮರೆಯಾಯಿತು. ಕ್ಯಾಮೆರಾದ ಮಿತ್ರರು ತೆಗೆದ ಚಿತ್ರದಲ್ಲಿ ಅದು ಹಸುರಿನ ಮೇಲೊಂದು ಕಪ್ಪು ಗೆರೆ. ಆದರೂ ಅವರೇ ಮೊದಲು ತರುಣನ ಕೈಕುಲುಕಿದರು.

"ಪಾಪದ ಹಕ್ಕಿಯ ಗೂಡು ಹೋಯಿತಲ್ಲ" ಎಂದೆ ನಾನು. "ಹೋಯ್ತು. ಪಿಕಳಾರ ಮತ್ತೆ ಕಟ್ಟಿಕೊಳ್ತದೆ ಮೇಷ್ಟ್ರೇ. ಇಷ್ಟೊಂದು ಗೂಡಿರೋ ಕಾಡು ಹೋದ್ರೆ ಮಾತ್ರ ಇದು ಇರೋದಿಲ್ಲ" ಎಂದ.

ಯೋಚಿಸಿ ನೋಡಿದರೆ ಇದು ಬರಿಯ ಹಕ್ಕಿಯ ಮಾತಲ್ಲ. ಗೂಡುಗಳನ್ನೇ ನಂಬಿ ಬದುಕುವ ಜೀವಕ್ಕೆ ಸಾವಿರಾರು ಗೂಡುಗಳ ಕಾಡು ಬೇಕು. ಅಂಥ ಕಾಡು ಹರಕಿಲ್ಲದೆ ಉಳಿದಿದೆ ಎಂಬುದಕ್ಕೆ ಆ ಕಪ್ಪು ರೆಕ್ಕೆ ಸಾಕ್ಷಿ. ಅದೇ ಕಾಡು ಮಳೆಯ ಪೆಟ್ಟನ್ನು ತನ್ನ ತಲೆಯ ಮೇಲೆ ತಡೆದು, ನೀರನ್ನು ಬೇರಿನಲ್ಲಿ ಹಿಡಿದು, ಮಣ್ಣನ್ನು ಬಿಡದೆ ನಮಗೆ ಹೊಳೆಯನ್ನು ಕಳಿಸುತ್ತದೆ. ೧೯೫೩ರಲ್ಲಿ ಮೊದಲು ನೀರು ನಿಂತಾಗ ೧೩೩ ಟಿಎಂಸಿ ಅಡಿ ಹಿಡಿಯುತ್ತಿದ್ದ ನಮ್ಮ ಜಲಾಶಯ ಇಂದು ಸುಮಾರು ೧೦೫ನ್ನು ಹಿಡಿಯುತ್ತದೆ, ಉಳಿದದ್ದು ಹೂಳು. ಆ ಹೂಳೆಲ್ಲ ಮಲೆನಾಡಿನದೆಂದು ಹೇಳಲಾರೆ. ಹೊಲಗಳಿಂದ, ಬೋಳುಗುಡ್ಡಗಳಿಂದ, ಗಣಿಗಳಿಂದ, ದಾರಿಯುದ್ದಕ್ಕೂ ಅದು ಸೇರಿಕೊಂಡಿದೆ. ಕಬ್ಬಿಣದ ಅದಿರು ನದಿಯ ನೆತ್ತಿಯಲ್ಲೂ ಇದೆ, ನಮ್ಮ ಮಗ್ಗುಲಿನ ಸಂಡೂರಿನ ಬೆಟ್ಟಗಳಲ್ಲೂ ಇದೆ. ಕುದುರೆಮುಖ ೧೯೮೭ರಲ್ಲಿ ರಾಷ್ಟ್ರೀಯ ಉದ್ಯಾನವಾದರೂ ಗಣಿ ಕೆಲಸ ನಿಂತದ್ದು ಸುಪ್ರೀಂ ಕೋರ್ಟಿನ ತೀರ್ಪಿನಂತೆ ೨೦೦೫ರ ಕೊನೆಗೆ. ಬಳ್ಳಾರಿ ಜಿಲ್ಲೆಯ ಗಣಿಗಳನ್ನು ಅದೇ ನ್ಯಾಯಾಲಯ ೨೦೧೧ರಲ್ಲಿ ತಡೆದು, ಆಮೇಲೆ ಮಿತಿಗಳನ್ನು ಹಾಕಿ ಬಿಟ್ಟಿತು. ಅದಿರು ಬೇಡವೆನ್ನಲು ನಾನು ಯಾರು? ಅದನ್ನು ನಂಬಿದ ಮನೆಗಳ ಮಕ್ಕಳಿಗೆ ನಾನೇ ಪಾಠ ಹೇಳಿದ್ದೇನೆ. ಆದರೆ ಬೆಟ್ಟವೂ ಒಂದು ಗೂಡೇ. ಒಮ್ಮೆ ತಣ್ಣಗಾದರೆ ಮರಳಿ ಕಾವು ಕೊಡುವವರಿಲ್ಲ.

ಮಲಪನಗುಡಿಗೆ ಮರಳಿ ಬಂದ ಮರುದಿನ ಬೆಳಗ್ಗೆ ಕಾಲುವೆಯ ಕಡೆ ಹೋದೆ. ಬಾಳೆಯ ತೋಟಕ್ಕೆ ನೀರು ತಿರುಗಿಸುತ್ತಿದ್ದ ಹಳೆಯ ಶಿಷ್ಯನೊಬ್ಬ, "ಎಲ್ಲಿಗೋ ಹೋಗಿದ್ರಂತಲ್ರೀ ಸರ, ಏನ್ ನೋಡಿ ಬಂದ್ರಿ?" ಎಂದು ಕೇಳಿದ. "ನಿನ್ನ ನೀರಿನ ಕಾವಲುಗಾರನನ್ನ" ಎಂದೆ. ಅವನು ಅಣೆಕಟ್ಟಿನ ಯಾವನೋ ಅಧಿಕಾರಿಯೆಂದು ತಿಳಿದು ತಲೆಯಾಡಿಸಿದ. ನಾನು ತಿದ್ದಲಿಲ್ಲ. ಆಮೇಲೆ ಅಲ್ಲಿಯೇ ಕುಳಿತು ಅವನಿಗೆ ಕಪ್ಪು ಗಿಡುಗದ ಸಂಗತಿಯನ್ನೆಲ್ಲ ಹೇಳಿದೆ.

ಈ ವರ್ಷ ಆ ಬಂಡೆಯ ಸಂದಿನ ಹತ್ತಿರ, ಮುಸ್ಸಂಜೆಯಲ್ಲಿ, ಕೊಂಬಿನ ಗೂಬೆಯ ಗಂಭೀರವಾದ ದನಿ ಮತ್ತೆ ಕೇಳಿಬರುತ್ತಿದೆ. ಅದೇ ಜೋಡಿಯೋ ಬೇರೆಯದೋ ನಾನು ಹೋಗಿ ನೋಡಿಲ್ಲ. ಮೊನ್ನೆ ಹಂಪೆಗೆ ಬಂದ ಇಬ್ಬರು ಹಕ್ಕಿಪ್ರಿಯರು ಯಾರೋ ಹೇಳಿದರೆಂದು ಮನೆಗೆ ಬಂದು ಕೇಳಿದರು. ಚಹ ಕೊಟ್ಟೆ. ದರೋಜಿಯ ಕರಡಿಧಾಮದ ದಾರಿ ಹೇಳಿದೆ. ಹಳದಿ ಗಂಟಲಿನ ಪಿಕಳಾರವನ್ನು ಬಂಡೆಗಳ ನಡುವೆ ಹೇಗೆ ಗುರುತಿಸಬೇಕೆಂದು ವಿವರಿಸಿದೆ. ಗೂಬೆಯ ಮಾತು ಬಂದಾಗ, "ಅದು ಕಾವಿಗೆ ಕೂರುವ ಕಾಲ; ಈಗ ಬೇಡ" ಎಂದೆ.

ಅವರು ಸ್ವಲ್ಪ ಬೇಸರದಿಂದಲೇ ಹೋದರು. ಮೇಷ್ಟ್ರಿಗೆ ಏನೂ ಗೊತ್ತಿಲ್ಲವೆಂದುಕೊಂಡಿರಬಹುದು. ಹಾಗೆಂದುಕೊಳ್ಳಲಿ.