ಮನೆಯ ರೌಟರ್, ಆಫೀಸಿನ ವಿಪಿಎನ್



ಅತ್ತೆಯವರ ಮೊಣಕಾಲಿನ ಆಪರೇಷನ್ ಆದಾಗ ಆರು ವಾರ ಮನೆಯಿಂದಲೇ ಕೆಲಸ ಮಾಡಲು ಆಫೀಸಿನಲ್ಲಿ ಒಪ್ಪಿಗೆ ಪಡೆದಿದ್ದೆ. ಕುರ್ಲಾದಿಂದ ಬಿಕೆಸಿ ದೂರವೇನಲ್ಲ, ಶೇರ್ ರಿಕ್ಷಾದಲ್ಲಿ ಹೋಗಿಬರಬಹುದು. ಆದರೆ ಅವರನ್ನು ಒಬ್ಬರನ್ನೇ ಬಿಟ್ಟುಹೋಗುವಂತಿರಲಿಲ್ಲ.

ಮೊದಲ ದಿನವೇ ತೊಡಕು. ಲ್ಯಾಪ್‌ಟಾಪಿನಲ್ಲಿ ವಿಪಿಎನ್ 'ಕನೆಕ್ಟೆಡ್' ಎನ್ನುತ್ತದೆ, ಲೆಕ್ಕಪತ್ರದ ಫೋಲ್ಡರ್ ಮಾತ್ರ ತೆರೆಯುವುದಿಲ್ಲ. ಆಫೀಸಿನ ಐಟಿಯವರು "ನಿಮ್ಮ ಮನೆಯ ನೆಟ್ ಸರಿಯಿಲ್ಲ" ಎಂದರು. ನೆಟ್ ಕೊಟ್ಟವರು "ಯೂಟ್ಯೂಬ್ ಬರ್ತಿದೆಯಲ್ಲ ಮೇಡಂ, ನಮ್ಮ ಕಡೆ ಎಲ್ಲ ಸರಿ" ಎಂದರು. ಮೂರನೆಯ ದಿನ ಮ್ಯಾನೇಜರ್, "ಆಗದಿದ್ದರೆ ಸೋಮವಾರದಿಂದ ಆಫೀಸಿಗೇ ಬನ್ನಿ" ಎಂದುಬಿಟ್ಟರು.

ಆ ರಾತ್ರಿ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ನೋಡಿದೆ. ಫೋಲ್ಡರ್ ತಕ್ಷಣ ತೆರೆಯಿತು! ಅಂದರೆ ಲ್ಯಾಪ್‌ಟಾಪೂ ಸರಿ, ಪಾಸ್‌ವರ್ಡೂ ಸರಿ. ತೊಡಕಿರುವುದು ಮನೆಯ ರೌಟರ್ ಕಡೆ. ಎಲ್ಲಕ್ಕಿಂತ ಮೊದಲು ಈ ಪರೀಕ್ಷೆ ಮಾಡಿ.

ಮರುದಿನ ಐಟಿಯವರಿಗೆ ಒಂದೇ ಪ್ರಶ್ನೆ ಕೇಳಿದೆ: "ಆ ಫೋಲ್ಡರ್ ಇರುವ ಸರ್ವರ್‌ನ ವಿಳಾಸ ಯಾವ ಸಂಖ್ಯೆಯಿಂದ ಶುರುವಾಗುತ್ತದೆ?" 192.168.1 ಎಂದರು. ನಮ್ಮ ರೌಟರಿನದೂ ಅದೇ! 192.168 ರಿಂದ ಆರಂಭವಾಗುವ ವಿಳಾಸಗಳನ್ನು ಯಾರು ಬೇಕಾದರೂ ತಮ್ಮ ಒಳಜಾಲಕ್ಕೆ ಬಳಸಬಹುದೆಂದು 1996ರ ಇಂಟರ್ನೆಟ್ ದಾಖಲೆಯೊಂದರಲ್ಲೇ ಇದೆ. ಹಾಗಾಗಿ ಎಷ್ಟೋ ಮನೆ, ಎಷ್ಟೋ ಆಫೀಸುಗಳದು ಒಂದೇ ಸಂಖ್ಯೆ. ಚೀಟಿಯಲ್ಲಿ ಬರೀ 'ರೂಮ್ ನಂಬರ್ 5' ಎಂದಿದ್ದರೆ ನೆಹರು ನಗರದ ವಾಚ್‌ಮನ್ ತನ್ನ ಬಿಲ್ಡಿಂಗಿನ 5ಕ್ಕೇ ಕೊಡುತ್ತಾನೆ, ಬಿಕೆಸಿಗೆ ಕಳಿಸುವುದಿಲ್ಲ. ನನ್ನ ಲ್ಯಾಪ್‌ಟಾಪೂ ಆಫೀಸಿನ ಸರ್ವರನ್ನು ಮನೆಯೊಳಗೇ ಹುಡುಕುತ್ತಿತ್ತು.

ಪರಿಹಾರ ಸುಲಭ. ರೌಟರಿನ ಅಡಿಯ ಚೀಟಿಯಲ್ಲಿದ್ದ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿ, ಲಾಗಿನ್ ಆಗಿ, 'ಲ್ಯಾನ್' ಪುಟದಲ್ಲಿ 192.168.1.1 ಇದ್ದುದನ್ನು 192.168.57.1 ಮಾಡಿದೆ. ರೌಟರನ್ನು ಆಫ್ ಮಾಡಿ ಆನ್ ಮಾಡಿದೆ. ಫೋನ್, ಟಿವಿ ತಾವೇ ಸೇರಿಕೊಂಡವು. ಪ್ರಿಂಟರನ್ನು ಮತ್ತೆ ಸೇರಿಸಬೇಕಾಯಿತು. ಫೋಲ್ಡರ್ ತೆರೆಯಿತು.

ಕೆಲವರಿಗೆ ಬೇರೆ ತೊಡಕಿರಬಹುದು. ಸಣ್ಣ ಮೇಲ್ ಹೋಗುತ್ತದೆ, ದೊಡ್ಡ ಫೈಲ್ ನಡುವೆ ನಿಲ್ಲುತ್ತದೆ. ನೆಟ್‌ನಲ್ಲಿ ಮಾಹಿತಿ ಸಾಮಾನ್ಯವಾಗಿ 1500 ಬೈಟ್ ಮೀರದ ಪೊಟ್ಟಣಗಳಾಗಿ ಸಾಗುತ್ತದೆ. ವಿಪಿಎನ್ ಅದರ ಮೇಲೆ ತನ್ನದೊಂದು ಹೊದಿಕೆ ಸುತ್ತುವುದರಿಂದ ಪೊಟ್ಟಣ ಹಿಡಿಸದೆ ಸಿಕ್ಕಿಕೊಳ್ಳಬಹುದು. ಆಗ 'ಎಂಟಿಯು ಕಡಿಮೆ ಮಾಡಿಕೊಡಿ' ಎಂದು ಐಟಿಯವರನ್ನು ಕೇಳಿ.

ಒಂದು ಎಚ್ಚರಿಕೆ. ಯಾರೋ ಹೇಳಿದರೆಂದು ಫೈರ್‌ವಾಲ್ ಆರಿಸಬೇಡಿ. ಗುರುತಿಲ್ಲದವರು ಫೋನ್ ಮಾಡಿ 'ನಾವೇ ಸರಿಮಾಡುತ್ತೇವೆ' ಎಂದರೆ ಲ್ಯಾಪ್‌ಟಾಪನ್ನು ಅವರ ಕೈಗೆ ಕೊಡಬೇಡಿ.

'ಮನೆಯ ನೆಟ್ ಸರಿಯಿಲ್ಲ' ಎಂಬ ಮಾತನ್ನು ಒಪ್ಪಿಕೊಂಡು ಸುಮ್ಮನಿದ್ದಿದ್ದರೆ ಆ ಆರು ವಾರ ನಾನು ಸಂಬಳವಿಲ್ಲದ ರಜೆ ಹಾಕಬೇಕಿತ್ತು. ನಮ್ಮಲ್ಲಿ ಎಷ್ಟೋ ಜನ ಇಂಥ ಮಾತಿಗೇ ಕೆಲಸ ಬಿಟ್ಟಿರಬಹುದು. ಬಿಡುವ ಮೊದಲು ಒಮ್ಮೆ ಹಾಟ್‌ಸ್ಪಾಟ್ ಹಾಕಿ ನೋಡಿ. ಆಗದಿದ್ದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಕೇಳಿ, ಕೂತು ನೋಡೋಣ.

ಅತ್ತೆಯವರು ಈಗ ತಾವೇ ಮೆಟ್ಟಿಲಿಳಿದು ತರಕಾರಿ ತರುತ್ತಾರೆ.