ಕಣಜದಲ್ಲಿ ಕಬ್ಬಿಣವೆಷ್ಟು?



ಕಳೆದ ಚಳಿಗಾಲದ ಒಂದು ದಿನ, ಐದು ನಿಮಿಷದ ಬರಹ ಓದುವಷ್ಟರಲ್ಲಿ ನನಗೆ ಎರಡು ಸಲ ಉಸಿರು ಸಾಲದೆ ಹೋಯಿತು. ಮೆಟ್ರೋ ಮೆಟ್ಟಿಲು ಹತ್ತಿದರೆ ಏದುಸಿರು. ತಲೆ ಬಾಚಿದರೆ ಕೈತುಂಬ ಕೂದಲು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 12.2 ಬಂತು. ಹೆಂಗಸರಿಗೆ 12 ಇದ್ದರೆ ಸಾಕು, ಚೆನ್ನಾಗಿ ನಿದ್ದೆ ಮಾಡಿ ಎಂದರು. ಮೂರು ತಿಂಗಳ ನಂತರ ಬೇರೊಬ್ಬ ವೈದ್ಯೆ ಫೆರಿಟಿನ್ ಪರೀಕ್ಷೆ ಬರೆದುಕೊಟ್ಟರು. ಬಂದ ಅಂಕಿ ಬರೀ 9!

ಎರಡಕ್ಕೂ ಏನು ವ್ಯತ್ಯಾಸ? ಹಿಮೋಗ್ಲೋಬಿನ್ ಎಂದರೆ ಒಲೆಯ ಮೇಲಿನ ಅನ್ನ. ಫೆರಿಟಿನ್ ಎಂದರೆ ಕಣಜದ ಭತ್ತದ ಲೆಕ್ಕ. ದೇಹದ ಕಬ್ಬಿಣಾಂಶದಲ್ಲಿ ಸುಮಾರು ಮೂರನೇ ಎರಡು ಭಾಗ ಹಿಮೋಗ್ಲೋಬಿನ್‌ನಲ್ಲಿದೆ. ದಾಸ್ತಾನು ಇರುವುದು ಯಕೃತ್ತು, ಗುಲ್ಮ, ಮೂಳೆಮಜ್ಜೆಗಳಲ್ಲಿ. ಮುಟ್ಟಿನಲ್ಲೋ ಬಸುರಿನಲ್ಲೋ ಖರ್ಚು ಹೆಚ್ಚಾದಾಗ ದೇಹ ಮೊದಲು ಕೈಹಾಕುವುದು ಕಣಜಕ್ಕೆ. ಅದು ಬರಿದಾದ ಮೇಲೆಯೇ ಹಿಮೋಗ್ಲೋಬಿನ್ ಇಳಿಯುವುದು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ, ಆರೋಗ್ಯವಂತ ವಯಸ್ಕರ ಫೆರಿಟಿನ್ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಅದು ಕಬ್ಬಿಣದ ಕೊರತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ, ದೆಹಲಿಯಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಅದು ಹಿಮೋಗ್ಲೋಬಿನ್ ನೋಡಿ ಮಾಡಿದ ಲೆಕ್ಕ. ನನ್ನಂತೆ ಕಣಜ ಮಾತ್ರ ಬರಿದಾದವರು ಅದರಲ್ಲಿ ಸೇರಿಲ್ಲ.

ಒಂದು ಎಚ್ಚರಿಕೆ. ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮೂರಿಗೆ ಡೆಂಗ್ಯೂ, ವೈರಲ್ ಜ್ವರದ ಕಾಟ. ಜ್ವರ, ಸೋಂಕು, ಉರಿಯೂತವಿದ್ದಾಗ ಫೆರಿಟಿನ್ ತಾನಾಗಿ ಏರುತ್ತದೆ. ಖಾಲಿ ಕಣಜವೂ ತುಂಬಿದಂತೆ ಕಾಣುತ್ತದೆ. ಅದಕ್ಕೇ ಅಂಥವರಿಗೆ ಮಿತಿ 15 ಅಲ್ಲ, 70. ಸಾಧ್ಯವಾದರೆ ಜ್ವರ ಪೂರ್ತಿ ಬಿಟ್ಟ ಮೇಲೆ ಪರೀಕ್ಷಿಸಿಕೊಳ್ಳಿ, ಜೊತೆಗೆ ಸಿಆರ್‌ಪಿ ಬೇಕೇ ಎಂದು ವೈದ್ಯರನ್ನು ಕೇಳಿ. ‘ಸೀರಮ್ ಐರನ್’ ಒಂದನ್ನೇ ನಂಬಬೇಡಿ, ಅದು ಒಂದೇ ದಿನದಲ್ಲಿ ಏರಿಳಿಯುತ್ತದೆ.

ಹಾಗೆಂದು ಅಂಗಡಿಯಿಂದ ಮಾತ್ರೆ ತಂದು ನೀವಾಗಿ ನುಂಗುವುದೂ ಬೇಡ. ಥಲಸ್ಸೇಮಿಯಾ ವಾಹಕರಲ್ಲಿ ಕಣಜ ತುಂಬಿದ್ದರೂ ಹಿಮೋಗ್ಲೋಬಿನ್ ಕಡಿಮೆ ಇರಬಹುದು. ಗಂಡಸರಲ್ಲಿ, ಮುಟ್ಟು ನಿಂತವರಲ್ಲಿ ಫೆರಿಟಿನ್ ಇಳಿದಿದ್ದರೆ ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕಲೇಬೇಕು.

ವೈದ್ಯರ ಸಲಹೆಯಂತೆ ತಿಂಗಳುಗಟ್ಟಲೆ ಮಾತ್ರೆ ತೆಗೆದುಕೊಂಡೆ. ಊಟದ ಬೆನ್ನಿಗೇ ಕುಡಿಯುತ್ತಿದ್ದ ಫಿಲ್ಟರ್ ಕಾಫಿಯನ್ನು ಒಂದು ಗಂಟೆ ಮುಂದೂಡಿದೆ. ಇವತ್ತು ಈ ಮಾತನ್ನೆಲ್ಲ ಏದುಸಿರಿಲ್ಲದೆ ಓದಿದ್ದೇನೆ. ಸುಸ್ತು ಎನ್ನುವ ಅಮ್ಮ, ಅಕ್ಕ, ಮಗಳು ನಿಮ್ಮ ಮನೆಯಲ್ಲೂ ಇದ್ದರೆ, ಕಣಜದ ಲೆಕ್ಕ ಒಮ್ಮೆ ಕೇಳಿ ನೋಡಿ.